ಅಪರಿಚಿತ ಪದ ನಿರ್ವಹಣಾ ಕೈಪಿಡಿ (ಅತ್ತಿಗುಪ್ಪೆ ಆವೃತ್ತಿ)

ಯಾರ ಬಳಕೆಗೆ

ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಪಿ.ಜಿ.ಯಲ್ಲೊಂದು ಮಂಚ, ರೀಡಿಂಗ್ ರೂಮಿನಲ್ಲೊಂದು ಕುರ್ಚಿ, ಮೆಸ್ಸಿನಲ್ಲೊಂದು ತಿಂಗಳ ಲೆಕ್ಕ ಇಟ್ಟುಕೊಂಡಿರುವವರಿಗಾಗಿ ಈ ಕೈಪಿಡಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಯುಪಿಎಸ್‌ಸಿ, ಎಲ್ಲ ಮಾದರಿಗೂ ಹೊಂದುತ್ತದೆ. ವಿಜಯನಗರ, ಹಂಪಿನಗರ, ಚಂದ್ರಾ ಲೇಔಟ್ ಕಡೆಯವರೂ ಧಾರಾಳವಾಗಿ ಬಳಸಬಹುದು. ಊರಲ್ಲಿ ಕೂತು "ಮಗ ಬೆಂಗಳೂರಾಗ ಓದಾಕತ್ತಾನ" ಎಂದು ನಾಲ್ಕು ಮಂದಿಗೆ ಹೇಳಿಕೊಳ್ಳುವ ತಂದೆತಾಯಿ ಓದಿದರೂ ಅಡ್ಡಿಯಿಲ್ಲ. ಆದರೆ ಫೋನ್ ಮಾಡಿ "ಎಲ್ಲಿಗೆ ಬಂತಪಾ ತಯಾರಿ" ಎಂದು ಕೇಳುವ ಹಕ್ಕು ಇದರಿಂದ ಹೆಚ್ಚಾಗುವುದಿಲ್ಲ.

ಈ ಲೋಕದ ಪರಿಚಯ ಇಲ್ಲದವರಿಗೆ ಎರಡು ಮಾತು. ಐಎಎಸ್ ಕನಸಿನವರಿಗೆ ದೆಹಲಿಯ ಮುಖರ್ಜಿನಗರ ಹೇಗೋ, ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ವಿಜಯನಗರ–ಅತ್ತಿಗುಪ್ಪೆ ಹಾಗೆ. ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳದ ಬಸ್ಸು ರೈಲು ಇಳಿದ ಹುಡುಗ ಹುಡುಗಿಯರು ಇಲ್ಲಿ ವರ್ಷಗಟ್ಟಲೆ ಕೂತು ಓದುತ್ತಾರೆ. ಒಂದು ಕಟ್ಟಡದ ಕೆಳಗೆ ಜೆರಾಕ್ಸ್ ಅಂಗಡಿ, ಮೊದಲ ಮಹಡಿಯಲ್ಲಿ ಕೋಚಿಂಗ್, ಎರಡನೆಯದರಲ್ಲಿ ರೀಡಿಂಗ್ ರೂಮು, ಅದರ ಮೇಲೆ ಪಿ.ಜಿ.; ರಸ್ತೆಗೆ ಇಳಿಯದೆಯೇ ಒಂದು ವಯಸ್ಸು ಕಳೆಯಬಹುದು. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೊ ಓಡತೊಡಗಿದ ಮೇಲೆ ಅತ್ತಿಗುಪ್ಪೆ ಎಂಬ ಹೆಸರು ನಗರದ ಆಚೆ ತುದಿಯವರ ಕಿವಿಗೂ ಬಿತ್ತು. ಆಗಿನ ಹೈದರಾಬಾದ್ ಕರ್ನಾಟಕದ ಹುಡುಗರಿಗೆ ಅದು ಅದಕ್ಕೂ ಮೊದಲೇ ಗೊತ್ತಿತ್ತು.

ಉಪಕರಣದ ಪರಿಚಯ

ಉಪಕರಣದ ಹೆಸರು ಸಂದರ್ಭ. ಇದನ್ನು ಹೊಸದಾಗಿ ಕೊಳ್ಳಬೇಕಿಲ್ಲ. ಹೈಸ್ಕೂಲಿನಲ್ಲಿ "ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ" ಎಂಬ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತುಂಡು ಮಾಡಿ, ಪ್ರತಿ ತುಂಡಿಗೂ ಗೆರೆ ಎಳೆದು ಬರೆದ ಎಲ್ಲರ ಬಳಿಯೂ ಅದು ಇದೆ. ಆಗ ವಾಕ್ಯ ಕೊಟ್ಟು ಸಂದರ್ಭ ಕೇಳುತ್ತಿದ್ದರು, ಈಗ ಸಂದರ್ಭ ಕೊಟ್ಟು ಪದ ಕೇಳುತ್ತಾರೆ. ಯಂತ್ರ ಅದೇ, ತಿರುಗಿಸುವ ದಿಕ್ಕು ಬೇರೆ. ಒಂದು ಸೌಲಭ್ಯ ಮಾತ್ರ ಹೊಸ ಆವೃತ್ತಿಯಲ್ಲಿ ಇಲ್ಲ: ಏನೂ ಗೊತ್ತಿಲ್ಲದಿದ್ದಾಗ "ಕವಿಯ ಭಾವನೆ ಇಲ್ಲಿ ಮನೋಜ್ಞವಾಗಿ ಮೂಡಿಬಂದಿದೆ" ಎಂದು ಬರೆದು ಒಂದು ಅಂಕ ಗಿಟ್ಟಿಸುವುದು.

ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ? ಎಫ್‌ಡಿಎ, ಎಸ್‌ಡಿಎ ಬರೆಯುವವರಿಗೆ 150 ಅಂಕದ ಕಡ್ಡಾಯ ಕನ್ನಡ ಇದೆ, ಅದರಲ್ಲಿ 50 ಬರದಿದ್ದರೆ ಮುಂದಿನ ಮಾತೇ ಇಲ್ಲ. ಅದರಾಚೆ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷಿನ 100 ಅಂಕ. ಪಿಎಸ್‌ಐ ಮೊದಲ ಪತ್ರಿಕೆಯ 50 ಅಂಕದಲ್ಲಿ ಪ್ರಬಂಧಕ್ಕೆ 20, ಸಾರಾಂಶಕ್ಕೆ 10, ಅನುವಾದಕ್ಕೆ 20. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ತಲಾ 150. ನೂರಕ್ಕೆ 35 ತೆಗೆದರೆ ಸಾಕು, ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಸೇರುವುದಿಲ್ಲ ಎಂದು ಅದನ್ನು ಕಡೆಗಣಿಸಿ, ಉಳಿದ ಪತ್ರಿಕೆಗಳನ್ನು ಚಿನ್ನದಂತೆ ಬರೆದು, ಗೇಟಿನಲ್ಲೇ ನಿಂತುಬಿಟ್ಟವರು ಪ್ರತಿ ರೀಡಿಂಗ್ ರೂಮಿನಲ್ಲೂ ಸಿಗುತ್ತಾರೆ. ಅವರನ್ನು ಆ ವಿಷಯ ಕೇಳಬೇಡಿ.

ಚಾಲನೆಗೆ ಬೇಕಾದ ಕನಿಷ್ಠ ಸಾಮಗ್ರಿ

ಕೋಚಿಂಗ್ ಜಾಹೀರಾತುಗಳಲ್ಲಿ ಈ ಭಾಗ ಇರುವುದಿಲ್ಲ. ಸಂದರ್ಭ ಎಂಬ ಯಂತ್ರ ಗೊತ್ತಿರುವ ಪದಗಳ ಮೇಲೆ ಓಡುತ್ತದೆ. ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಷನ್ ಪದಜ್ಞಾನದ ಮೇಲೆ ಬಹುಕಾಲ ಕೆಲಸ ಮಾಡಿದವರು. ಅವರೂ ಅವರ ಸಹೋದ್ಯೋಗಿಯೂ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಹೀಗಿದೆ: ಯಾರ ನೆರವೂ ಇಲ್ಲದೆ ಒಂದು ಬರಹ ಅರ್ಥವಾಗಬೇಕಾದರೆ ಅದರ ಪದಗಳಲ್ಲಿ ನೂರಕ್ಕೆ ಸುಮಾರು 98 ಮೊದಲೇ ಗೊತ್ತಿರಬೇಕು. ಅಂದರೆ ಇನ್ನೂರು ಪದಗಳ ಗದ್ಯಭಾಗದಲ್ಲಿ ನಾಲ್ಕು ಅಪರಿಚಿತ ಪದ ಇದ್ದರೆ ಈ ಕೈಪಿಡಿ ನಿಮಗೆ. ಇಪ್ಪತ್ತು ಇದ್ದರೆ ಕೈಪಿಡಿ ಮುಚ್ಚಿಟ್ಟು ದಿನಪತ್ರಿಕೆಯ ಸಂಪಾದಕೀಯ ಪುಟ ಬಿಚ್ಚಿ. ಅತ್ತಿಗುಪ್ಪೆಯ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿ ಮಾರುವ "ಪದ ಊಹಿಸುವ ಸೂಪರ್ ಟ್ರಿಕ್ಸ್" ಆ ಹದಿನಾರು ಪದಗಳ ಕೊರತೆ ತುಂಬಲಾರವು. ಟ್ರಿಕ್ ಹೇಳಿಕೊಡುವ ಸರ್‌ಗೆ ಆ ಪದಗಳೆಲ್ಲ ಮೊದಲೇ ಗೊತ್ತು. ಅವರು ಬೋರ್ಡಿನ ಮೇಲೆ ಊಹಿಸಿ ತೋರಿಸುವುದು ಉತ್ತರ ಬಲ್ಲವರ ಊಹೆ.

ಚಾಲನಾ ಕ್ರಮ

ಅಪರಿಚಿತ ಪದ ಕಂಡ ಕೂಡಲೇ ಅದನ್ನೇ ದಿಟ್ಟಿಸಬೇಡಿ. ಎಷ್ಟು ಹೊತ್ತು ನೋಡಿದರೂ ಅದು ಬಾಯಿ ಬಿಡುವುದಿಲ್ಲ. ಅಕ್ಕಪಕ್ಕದವರನ್ನು ವಿಚಾರಿಸಿ. ಪಕ್ಕದ ಬೆಂಚಿನವರನ್ನಲ್ಲ, ಪಕ್ಕದ ಪದಗಳನ್ನು.

ಕನ್ನಡ ವಾಕ್ಯ ತನ್ನ ಗುಟ್ಟನ್ನು ಕೊನೆಯವರೆಗೂ ಬಿಡುವುದಿಲ್ಲ. ಕ್ರಿಯಾಪದ ಕೊನೆಯಲ್ಲಿ, ನಿಷೇಧ ಅದರ ಬಾಲದಲ್ಲಿ. "ಸಲ್ಲದು", "ಒಪ್ಪದು", "ನಿಲ್ಲದು" ಎಂಬ ಪುಟ್ಟ ಬಾಲಗಳು ಇಡೀ ವಾಕ್ಯವನ್ನು ತಲೆಕೆಳಗೆ ಮಾಡಬಲ್ಲವು. ಆದ್ದರಿಂದ ಪೂರ್ಣವಿರಾಮ ಮುಟ್ಟುವ ಮೊದಲು ಯಾವ ಪದಕ್ಕೂ ಒಳ್ಳೆಯದು ಕೆಟ್ಟದ್ದು ಎಂಬ ಚೀಟಿ ಅಂಟಿಸಬೇಡಿ. ಅರ್ಧ ವಾಕ್ಯ ಓದಿ ಉತ್ತರ ಗುರುತಿಸುವವರು ಅರ್ಧ ವಾಕ್ಯಕ್ಕೆ ಮಾತ್ರ ಸರಿಯಾದ ಉತ್ತರ ಕೊಟ್ಟಿರುತ್ತಾರೆ.

"ಅಲ್ಲದೆ" ಬಂದಲ್ಲಿ ಗಾಡಿ ನಿಧಾನ ಮಾಡಿ. ಅದು ಎರಡು ಕಡೆ ಕೆಲಸಕ್ಕಿರುವ ಆಸಾಮಿ. "ಶಾಸಕರಲ್ಲದೆ ಅಧಿಕಾರಿಗಳೂ ಬಂದಿದ್ದರು" ಎಂದರೆ ಶಾಸಕರು ಬಂದಿದ್ದಾರೆ. "ಶಾಸಕರಲ್ಲದೆ ಬೇರೆ ಯಾರೂ ಬರಲಿಲ್ಲ" ಎಂದರೂ ಶಾಸಕರು ಬಂದಿದ್ದಾರೆ. "ಶಾಸಕರಲ್ಲದವರು ಬಂದಿದ್ದರು" ಎಂದರೆ ಬಂದವರಲ್ಲಿ ಶಾಸಕರಿಲ್ಲ. ಮೊದಲನೆಯದರಲ್ಲಿ ಕುರ್ಚಿ ಸಾಲದು, ಎರಡನೆಯದರಲ್ಲಿ ಕುರ್ಚಿ ಖಾಲಿ, ಮೂರನೆಯದರಲ್ಲಿ ಹಾರ ಉಳಿಯಿತು. ಅಪರಿಚಿತ ಪದ ಇದರ ಯಾವ ಬದಿಗೆ ಕೂತಿದೆ ಎಂದು ನೋಡಿದರೆ ಅರ್ಧ ಅರ್ಥ ಕೈಗೆ ಬಂದಂತೆ. ಮುಂದಿನ ಪದದ ತುದಿಯಲ್ಲಿ "ಊ" ಇದೆಯೋ ಎಂಬುದನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ.

ಇನ್ನೊಂದು ಸುಳಿವು ಜೋಡಿಪದ. ಕನ್ನಡದಲ್ಲಿ ಪದಗಳು ಒಂಟಿಯಾಗಿ ತಿರುಗಾಡುವುದಕ್ಕಿಂತ ಜೊತೆಯಲ್ಲಿ ತಿರುಗಾಡುವುದೇ ಹೆಚ್ಚು. "ಸಾಧಕ ಬಾಧಕ", "ಅಳಿವು ಉಳಿವು", "ಆಯ ವ್ಯಯ": ಇಲ್ಲಿ ಒಬ್ಬರು ಗೊತ್ತಿದ್ದರೆ ಇನ್ನೊಬ್ಬರು ಅವರ ವಿರೋಧ ಪಕ್ಷ. "ಕಷ್ಟ ಕಾರ್ಪಣ್ಯ", "ದುಃಖ ದುಮ್ಮಾನ": ಇಲ್ಲಿ ಇಬ್ಬರೂ ಒಂದೇ ಪಕ್ಷ. ಕಾರ್ಪಣ್ಯ ಎಂದರೆ ಕಷ್ಟ ಎಂದು ನಮಗೆಲ್ಲ ಗೊತ್ತಿರುವುದು ಅದರ ಮುಂದೆ ಕಷ್ಟ ನಿಂತಿರುವುದರಿಂದ ಮಾತ್ರ. ಅದೇ ಪದ ಒಂಟಿಯಾಗಿ ಎದುರಾಗಿ, ನಾಲ್ಕು ಆಯ್ಕೆಗಳಲ್ಲಿ "ಜಿಪುಣತನ" ಎಂದೂ ಇದ್ದರೆ ಬೆವರು ಕಿತ್ತುಕೊಳ್ಳುತ್ತದೆ. ಏಕೆಂದರೆ ಕೃಪಣನ ಗುಣ ಎಂಬ ಅರ್ಥವೂ ಅದಕ್ಕಿದೆ. ಇನ್ನು "ಆಸ್ತಿಪಾಸ್ತಿ" ತರಹದವು ಬಂದರೆ ಪಾಸ್ತಿಯ ಅರ್ಥ ಹುಡುಕುತ್ತ ಕೂರಬೇಡಿ. ಆಸ್ತಿ ಇದ್ದವರಿಗೇ ಅದು ಗೊತ್ತಿಲ್ಲ.

ಪ್ರಾಯೋಗಿಕ ಪಾಠ: ಕೆರೆ

ಈ ಕೆಳಗಿನ ಗದ್ಯಭಾಗ ಯಾವ ಪರೀಕ್ಷೆಯದೂ ಅಲ್ಲ, ಕೈಪಿಡಿಗಾಗಿಯೇ ಕಟ್ಟಿದ್ದು:

"ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿತ್ತು. ಏರಿ ಒಡೆದೀತೆಂಬ ಊರಿನವರ ಭಯ ತಪ್ಪಿತು. ಆದರೆ ತೂಬು ಹೂಳಿನಲ್ಲಿ ಮುಚ್ಚಿಹೋಗಿದ್ದರಿಂದ ತುಂಬಿದ ಕೆರೆಯ ಕೆಳಗಿನ ಗದ್ದೆಗಳೇ ಒಣಗಿದವು."

ಪ್ರಶ್ನೆ: ಕೋಡಿ ಬಿತ್ತು ಎಂದರೆ, (ಅ) ಕೆರೆಯ ದಂಡೆ ಕುಸಿಯಿತು, (ಆ) ಹೆಚ್ಚಾದ ನೀರು ಹೊರಗೆ ಹರಿಯಿತು, (ಇ) ಕೆರೆ ಬತ್ತಿತು, (ಈ) ಕೋಟಿ ರೂಪಾಯಿ ನಷ್ಟವಾಯಿತು.

ಕೆರೆ ನೋಡಿಲ್ಲದವರ ಕಣ್ಣು ನೇರ "ಬಿತ್ತು" ಎಂಬಲ್ಲಿಗೆ ಹೋಗುತ್ತದೆ. ಬಿದ್ದದ್ದು ಒಳ್ಳೆಯದಾಗಿರಲು ಸಾಧ್ಯವೇ? ಮರ ಬಿತ್ತು, ಗೋಡೆ ಬಿತ್ತು, ಸರ್ಕಾರ ಬಿತ್ತು. ಕೈ (ಅ) ಕಡೆ ಸರಿಯುತ್ತದೆ. ಇಲ್ಲೇ ತಡೆಯಿರಿ. ಮುಂದಿನ ವಾಕ್ಯದಲ್ಲಿ ಭಯ ತಪ್ಪಿತು ಎಂದಿದೆ. ದಂಡೆ ಕುಸಿದಿದ್ದರೆ ಭಯ ತಪ್ಪುತ್ತಿರಲಿಲ್ಲ, ಭಯಪಟ್ಟದ್ದೇ ಆಗಿಹೋಗುತ್ತಿತ್ತು. (ಇ) ಮಳೆ ಚೆನ್ನಾಗಿ ಆಯಿತು ಎಂಬುದರೊಂದಿಗೇ ಸಾಯುತ್ತದೆ. (ಈ) ಪ್ರಶ್ನೆ ತೆಗೆದವರಿಗೆ ನಾಲ್ಕನೆಯ ಆಯ್ಕೆ ಹೊಳೆಯದೆ ಇದ್ದಾಗ ಹುಟ್ಟಿದ್ದು. ಉಳಿದದ್ದು (ಆ).

ಈಗ ತೂಬು. ಅದು ಮುಚ್ಚಿಹೋಗಬಲ್ಲದು, ಹಾಗಾಗಿ ತೆರೆದಿರಲೂಬಲ್ಲದು. ಅದು ಮುಚ್ಚಿದರೆ ಕೆಳಗಿನ ಗದ್ದೆ ಒಣಗುತ್ತದೆ, ಹಾಗಾಗಿ ನೀರು ಅದರ ಮೂಲಕವೇ ಹೋಗಬೇಕು. "ಆದರೆ" ಎಂಬುದು ಮೊದಲಿನ ಸಂತೋಷಕ್ಕೂ ಮುಂದಿನ ದುಃಖಕ್ಕೂ ನಡುವೆ ನಿಂತಿದೆ. ಇಷ್ಟು ಸಾಕು. ಕೆರೆಯ ನೀರನ್ನು ಬೇಕೆಂದಾಗ ಬಿಡುವ ಕಿಂಡಿ ಎಂದು, ಜನ್ಮದಲ್ಲಿ ತೂಬು ಕಾಣದವರೂ ಹೇಳಬಹುದು.

ಹೇಳಬಹುದು ನಿಜ. ಆದರೆ ಕೋಲಾರದ ಕಡೆಯಿಂದ ಬಂದವರು ಪಕ್ಕದಲ್ಲಿ ಕೂತಿದ್ದರೆ ಅವರು ಇಷ್ಟೆಲ್ಲ ಕಸರತ್ತು ಮಾಡಿರುವುದಿಲ್ಲ. ಕೋಡಿ ಬಿದ್ದ ದಿನ ಅವರ ಊರಲ್ಲಿ ಕೆರೆಗೆ ಬಾಗಿನ ಬಿಟ್ಟಿರುತ್ತಾರೆ, ಮಕ್ಕಳು ಶಾಲೆ ತಪ್ಪಿಸಿ ಹೊರಬಿದ್ದ ಮೀನು ಹಿಡಿದಿರುತ್ತಾರೆ. ಅವರಿಗೆ ಅದು ಗದ್ಯಭಾಗವಲ್ಲ, ನೆನಪು. ನೀವು ಎರಡು ನಿಮಿಷ ತೆಗೆದುಕೊಂಡ ಪ್ರಶ್ನೆಗೆ ಅವರು ಹದಿನೈದು ಸೆಕೆಂಡು ತೆಗೆದುಕೊಂಡಿದ್ದಾರೆ. ಪರೀಕ್ಷೆ ಅಳೆಯುವುದು ಆ ಒಂದು ಮುಕ್ಕಾಲು ನಿಮಿಷವನ್ನೇ. ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ನಿಧಿಯ ಬಗ್ಗೆ ಗದ್ಯಭಾಗ ಬಂದಾಗ ಇದೇ ಲೆಕ್ಕ ತಿರುಗುಮುರುಗು. ಅಲ್ಲಿ ಇಂಗ್ಲಿಷ್ ಪೇಪರು ಮನೆಗೆ ಬರುತ್ತಿದ್ದವರು ಮೀನು ಹಿಡಿದಿರುತ್ತಾರೆ.

ಪದ ಒಡೆಯುವುದು: ಸೂಚನೆ ಮತ್ತು ಅಪಾಯ

ಪದವನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ವಿದ್ಯೆಗೆ ಅತ್ತಿಗುಪ್ಪೆಯ ಮೆಸ್ಸೇ ಉತ್ತಮ ಶಾಲೆ. ಸಿಂದಗಿ ಕಡೆಯ ಹುಡುಗನೊಬ್ಬ ಹೊಸದಾಗಿ ಬಂದಿದ್ದಾನೆ ಎಂದುಕೊಳ್ಳಿ. ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದಿದೆ: "ಇಂದು ಮುದ್ದೆ, ಹುರುಳಿ ಬಸ್ಸಾರು." ಮುದ್ದೆಯ ಪಕ್ಕ ಇದೆ, ಆದ್ದರಿಂದ ಮುದ್ದೆಗೆ ಹಚ್ಚಿಕೊಳ್ಳುವಂಥದ್ದು. ಕೊನೆಯಲ್ಲಿ ಸಾರು ಇದೆ, ಆದ್ದರಿಂದ ನೀರುನೀರಾಗಿರಬೇಕು. ಉಳಿದದ್ದು "ಬಸ್". ಬಿಎಂಟಿಸಿಗೂ ಇದಕ್ಕೂ ಸಂಬಂಧ ಇರಲಾರದು ಎಂಬಷ್ಟು ವಿವೇಕ ಅವನಿಗಿದೆ.

"ಅಕ್ಕಾ, ಬಸ್ಸಾರು ಅಂದ್ರ ಏನ್ರೀ?"

"ಕಾಳು ಬೇಯ್ಸಿ ಬಸಿದ ನೀರಲ್ಲಿ ಮಾಡೋ ಸಾರು ಕಣಪ್ಪ. ಕಾಳು ಪಲ್ಯಕ್ಕೆ, ನೀರು ಸಾರಿಗೆ."

"ಹಂಗಂದ್ರ ನಮ್ಮ ಕಡೆ ಕಟ್ಟಿನ ಸಾರು ಇದ್ದಂಗ ಆತು ಬಿಡ್ರೀ."

ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟಿನಲ್ಲಿ ಅವ್ವ ಮಾಡುತ್ತಿದ್ದ ಸಾರು ಅವನ ನಾಲಿಗೆಯ ಮೇಲಿದೆ. ಕಾಳು ಬೇರೆ, ಕ್ರಿಯೆ ಒಂದೇ. ಇನ್ನು ಆ ಪದವನ್ನು ಅವನು ಸಾಯುವ ತನಕ ಮರೆಯುವುದಿಲ್ಲ, ಉಪ್ಸಾರು ಬಂದರೆ ಯಾರನ್ನೂ ಕೇಳುವುದೂ ಇಲ್ಲ. ಬೋರ್ಡಿನಿಂದ ಮುಕ್ಕಾಲು, ಮನೆಯಿಂದ ಕಾಲು ಎಂದು ನನ್ನ ಅಂದಾಜು.

ಆದರೆ ಇದೇ ವಿದ್ಯೆಯನ್ನು ಸಂಸ್ಕೃತ ಪದಗಳ ಮೇಲೆ ಪ್ರಯೋಗಿಸುವಾಗ ಕೈಗವಸು ಹಾಕಿಕೊಳ್ಳಿ. "ಅ" ಬಂದರೆ ಇಲ್ಲ ಎಂದರ್ಥ ಎಂದು ಸರ್ ಹೇಳಿಕೊಟ್ಟಿದ್ದಾರೆ. ಅನ್ಯಾಯ, ಅಶುದ್ಧ, ಅಧರ್ಮ, ಎಲ್ಲ ಸರಿ ಹೋಯಿತು. ಆಮೇಲೆ "ಅಮೂಲ್ಯ" ಬರುತ್ತದೆ. ಮೌಲ್ಯ ಇಲ್ಲದ್ದು ಎಂದು ಗುರುತು ಹಾಕಿ ಬಂದವರಿದ್ದಾರೆ. ಬೆಲೆ ಕಟ್ಟಲು ಆಗುವುದಿಲ್ಲ ಎಂಬುದಕ್ಕೂ ಬೆಲೆಯೇ ಇಲ್ಲ ಎಂಬುದಕ್ಕೂ ನಡುವೆ ಎರಡು ಅಂಕ ಇದೆ. "ಅನುತ್ತಮ" ಇನ್ನೂ ಕಿಲಾಡಿ: ಉತ್ತಮವಲ್ಲದ್ದು ಎಂದು ಕಾಣುತ್ತದೆ, ಅರ್ಥ ಅದಕ್ಕಿಂತ ಉತ್ತಮವಾದದ್ದು ಇಲ್ಲ ಎಂದು. ಅಪಮಾನ, ಅಪಕೀರ್ತಿ, ಅಪಘಾತ ಕಲಿತು ಬಂದವರು "ಅಪರೂಪ"ಕ್ಕೆ ಕುರೂಪ ಎಂದರೆ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಹಳಗನ್ನಡಕ್ಕೆ ಬೇರೆ ಕೀಲಿ ಇದೆ, ಅದು ಬಹುಪಾಲು ಕೆಲಸ ಮಾಡುತ್ತದೆ: "ಪ" ಕಂಡಲ್ಲಿ "ಹ" ಹಾಕಿ ನೋಡಿ. ಪುಲಿ ಹುಲಿಯಾಗುತ್ತದೆ, ಪಾವು ಹಾವಾಗುತ್ತದೆ, ಪೊನ್ನು ಹೊನ್ನಾಗುತ್ತದೆ, ಪೂ ಹೂವಾಗುತ್ತದೆ. ಸಂಸ್ಕೃತದ ಪದಗಳಿಗೆ ಈ ಕೀಲಿ ತೂರಿಸಬೇಡಿ. ಪತ್ರ ಹತ್ರ ಆಗುವುದಿಲ್ಲ. "ಪಾಲ್" ಬಂದಾಗ ಹಾಲೋ ಪಾಲೋ ಎಂದು ಪಕ್ಕದ ಪದ ನೋಡಿ ನಿರ್ಧರಿಸಿ. ಕುಡಿದಿದ್ದರೆ ಹಾಲು, ಕೋರ್ಟಿಗೆ ಹೋಗಿದ್ದರೆ ಪಾಲು.

ಎಚ್ಚರಿಕೆ: ಸಂದರ್ಭವೂ ಸುಳ್ಳು ಹೇಳುತ್ತದೆ

ಅಮೆರಿಕದ ಶಿಕ್ಷಣ ಸಂಶೋಧಕಿ ಐಸಬೆಲ್ ಬೆಕ್ ಮತ್ತು ಜೊತೆಗಾರರು 1983ರಲ್ಲೇ ಸಂದರ್ಭಗಳನ್ನು ವಿಂಗಡಿಸಿಟ್ಟಿದ್ದಾರೆ. ಕೆಲವು ಸಂದರ್ಭ ನೇರವಾಗಿ ಅರ್ಥದ ಮನೆಗೆ ಕರೆದೊಯ್ಯುತ್ತವೆ, ಕೆಲವು ಬೀದಿಯವರೆಗೆ ಮಾತ್ರ, ಕೆಲವು ಬಾಯೇ ಬಿಡುವುದಿಲ್ಲ, ಇನ್ನು ಕೆಲವು ಬೇಕೆಂದೇ ಎಂಬಂತೆ ಬೇರೆಯವರ ಮನೆಗೆ ಕಳಿಸುತ್ತವೆ. ಕೋಚಿಂಗಿನಲ್ಲಿ ಅಭ್ಯಾಸಕ್ಕೆ ಕೊಡುವ ವಾಕ್ಯಗಳೆಲ್ಲ ಮೊದಲ ಜಾತಿಯವು, ಏಕೆಂದರೆ ಅವನ್ನು ಅಭ್ಯಾಸಕ್ಕೆಂದೇ ಹೊಸೆದಿರುತ್ತಾರೆ. ಲೋಕದ ಬರಹಗಾರರು ಓದುಗ ಪದ ಊಹಿಸಲಿ ಎಂದು ಬರೆಯುವುದಿಲ್ಲ, ಗೊತ್ತಿದೆ ಎಂದುಕೊಂಡು ಬರೆಯುತ್ತಾರೆ.

ಆಮದು ಮಾದರಿ: ಅನುವಾದಿತ ಗದ್ಯಭಾಗ

ಇದುವರೆಗೆ ಹೇಳಿದ್ದೆಲ್ಲ ಕನ್ನಡದಲ್ಲೇ ಹುಟ್ಟಿದ ವಾಕ್ಯಗಳಿಗೆ.

ಅತ್ತಿಗುಪ್ಪೆಯ ಬಳಕೆದಾರರ ಮುಂದೆ ಬರುವ ಕನ್ನಡದಲ್ಲಿ ಒಂದು ದೊಡ್ಡ ಪಾಲು ಇಂಗ್ಲಿಷಿನಲ್ಲಿ ತಯಾರಾಗಿ, ಇಲ್ಲಿಗೆ ಬಂದು ಜೋಡಣೆಯಾದದ್ದು. ಅದರ ಮೇಲೆ ಸಂದರ್ಭದ ಯಂತ್ರ ಓಡುವುದಿಲ್ಲ. ಕಾರಣ ಸರಳ: ಸುಳಿವು ಸಿಗಬೇಕಾದರೆ ವಾಕ್ಯ ಬರೆದವರಿಗೆ ಸಂದರ್ಭ ಗೊತ್ತಿರಬೇಕು. ಪದಕ್ಕೆ ಪದ ಇಟ್ಟುಕೊಂಡು ಹೋದ ವಾಕ್ಯದಲ್ಲಿ ಎಲ್ಲ ಪದಗಳೂ ಪರಿಚಿತ, ವಾಕ್ಯ ಮಾತ್ರ ಅಪರಿಚಿತ.

ಮತ್ತೆ ನಾನೇ ಕಟ್ಟಿದ ಉದಾಹರಣೆ: "ಸರ್ಕಾರದ ಅಂಗಗಳ ನಡುವೆ ತಪಾಸಣೆಗಳು ಮತ್ತು ತಕ್ಕಡಿಗಳು ಇರುವುದು ಪ್ರಜಾಪ್ರಭುತ್ವದ ಲಕ್ಷಣವಾಗಿದೆ." ತಪಾಸಣೆ ಗೊತ್ತು. ತಕ್ಕಡಿ ಗೊತ್ತು. ಎರಡನ್ನೂ ಸೇರಿಸಿದರೆ ಸಂತೆಯಲ್ಲಿ ತೂಕ ಅಳತೆ ಇಲಾಖೆಯ ದಾಳಿ ಕಣ್ಣ ಮುಂದೆ ಬರುತ್ತದೆ. ಪ್ರಶ್ನೆ ರಾಜ್ಯಶಾಸ್ತ್ರದ್ದು, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಒಂದನ್ನೊಂದು ಅಂಕೆಯಲ್ಲಿಡುವುದರ ಬಗ್ಗೆ ಎಂದು ತಿಳಿಯಲು ಒಂದೇ ದಾರಿ: ಕಣ್ಣು ಮುಚ್ಚಿ ವಾಕ್ಯವನ್ನು ಇಂಗ್ಲಿಷಿಗೆ ವಾಪಸ್ ಕಳಿಸಿ. ಚೆಕ್ಸ್ ಅಂಡ್ ಬ್ಯಾಲೆನ್ಸಸ್ ಎಂದು ಕಿವಿಗೆ ಬಿದ್ದ ತಕ್ಷಣ ತಕ್ಕಡಿ ಮಾಯ. ಅತ್ತಿಗುಪ್ಪೆಯಲ್ಲಿ ಎರಡು ವರ್ಷ ಕಳೆದವರಿಗೆ ಈ ವಿದ್ಯೆ ಉಸಿರಾಟದಷ್ಟು ಸಹಜ. ಅವರು ಕನ್ನಡ ಪ್ರಶ್ನೆ ಓದುತ್ತ ಒಳಗೊಳಗೇ ಇಂಗ್ಲಿಷ್ ಪ್ರಶ್ನೆ ಬರೆಯುತ್ತಿರುತ್ತಾರೆ. "ತೇಲುವ ಜನಸಂಖ್ಯೆ" ಎಂದರೆ ನೆರೆ ಸಂತ್ರಸ್ತರಲ್ಲ ಎಂದು ಅವರಿಗೆ ಯಾರೂ ಹೇಳಬೇಕಿಲ್ಲ.

ಇದು ತಮಾಷೆಗೆ ಹೇಳುವ ಮಾತಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಅನುವಾದ ಅರ್ಥವಾಗದಷ್ಟು ಕೆಟ್ಟಿದೆ, ಕೆಲವೆಡೆ ಅರ್ಥವೇ ಉಲ್ಟಾ ಆಗಿದೆ ಎಂದು ಅಭ್ಯರ್ಥಿಗಳು ಬೀದಿಗಿಳಿದರು, ಪತ್ರಿಕೆಗಳು ಪ್ರಶ್ನೆಗಳನ್ನು ಮುದ್ರಿಸಿ ತೋರಿಸಿದವು, ಮರುಪರೀಕ್ಷೆ ನಡೆಸಿ ಎಂದು ಮುಖ್ಯಮಂತ್ರಿ ಸೂಚಿಸಿದರು. ಮರುಪರೀಕ್ಷೆ ಡಿಸೆಂಬರ್ 29ರಂದು ನಡೆಯಿತು. ಅದರ ಕನ್ನಡದ ಬಗ್ಗೆಯೂ ಅದೇ ದೂರು ಬಂತು. ಅದಕ್ಕೂ ಹತ್ತು ವರ್ಷ ಹಿಂದೆ, 2014ರಲ್ಲಿ, ಮುಖರ್ಜಿನಗರದ ಹಿಂದಿ ಮಾಧ್ಯಮದವರು ಯುಪಿಎಸ್‌ಸಿಯ ಸಿಸ್ಯಾಟ್ ಪತ್ರಿಕೆಯ ವಿರುದ್ಧ ಬೀದಿಗಿಳಿದಾಗ ಬಾಯಿಂದ ಬಾಯಿಗೆ ಓಡಾಡಿದ ಉದಾಹರಣೆ ಸ್ಟೀಲ್ ಪ್ಲಾಂಟ್: ಹಿಂದಿಯಲ್ಲಿ ಅದು ಉಕ್ಕಿನ ಗಿಡವಾಗಿತ್ತು. ಆ ಗದ್ದಲದ ಫಲವಾಗಿ ಆ ವರ್ಷ ಇಂಗ್ಲಿಷ್ ಗದ್ಯಭಾಗದ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 2015ರಿಂದ ಸಿಸ್ಯಾಟಿನಲ್ಲಿ ನೂರಕ್ಕೆ 33 ಬಂದರೆ ಸಾಕು ಎಂದಾಯಿತು.

ಎರಡು ಭಾಷೆಯ ಪ್ರಶ್ನೆಪತ್ರಿಕೆಗಳಲ್ಲಿ, ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಸೂಚನೆ ಕಾಣುವುದು ಹೊಸದೇನಲ್ಲ. ಕೈಪಿಡಿಯ ಮಟ್ಟಿಗೆ ಇದರ ತಾತ್ಪರ್ಯ ಇಷ್ಟು: ಕನ್ನಡದ ಪ್ರಶ್ನೆ ಇಂಗ್ಲಿಷ್ ಬಾರದವರಿಗಾಗಿ ಇದೆ, ಅದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಬರಬೇಕು. ಗದ್ಯಭಾಗ ಓದಿ ಗ್ರಹಿಸುವ ಶಕ್ತಿಯನ್ನು ಅಳೆಯುತ್ತೇವೆ ಎನ್ನುವವರು ಮೊದಲು ಗ್ರಹಿಸಬಹುದಾದ ಗದ್ಯ ಕೊಡಬೇಕು. ಪ್ರಶ್ನೆಯನ್ನು ಕನ್ನಡದಲ್ಲೇ ಮೊದಲು ಬರೆಸಿ ಆಮೇಲೆ ಇಂಗ್ಲಿಷಿಗೆ ಅನುವಾದಿಸಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಬಹುದಿತ್ತು. ಆಗ ಇಂಗ್ಲಿಷ್ ಮಾಧ್ಯಮದವರೂ ತೂಬಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು.

ಊಹೆಯ ಆಯವ್ಯಯ

ಕೆಪಿಎಸ್‌ಸಿ ಪೂರ್ವಭಾವಿಯಲ್ಲಿ ಪ್ರಶ್ನೆಗೆ ಎರಡು ಅಂಕ, ತಪ್ಪಿದರೆ ಅದರ ಕಾಲು ಭಾಗ, ಅಂದರೆ ಅರ್ಧ ಅಂಕ ಹೋಗುತ್ತದೆ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದಕ್ಕೆ ಗುರುತು ಹಾಕಿದರೆ ಸರಾಸರಿ ದಕ್ಕುವುದು ಎಂಟನೇ ಒಂದು ಅಂಕ. ಲಾಭವೇ, ಆದರೆ ಅದರಿಂದ ಯಾರೂ ತಹಶೀಲ್ದಾರರಾದದ್ದಿಲ್ಲ. ಕೆರೆಯ ಪ್ರಶ್ನೆಯಲ್ಲಿ ಮೂರನ್ನು ಹೊಡೆದುಹಾಕಿದೆವು; ಎರಡನ್ನಷ್ಟೇ ಹೊಡೆದುಹಾಕಿ ಉಳಿದ ಎರಡರಲ್ಲಿ ಊಹಿಸಿದರೂ ಮುಕ್ಕಾಲು ಅಂಕ. ಯುಪಿಎಸ್‌ಸಿಯಲ್ಲಿ ಕಳೆಯುವುದು ಮೂರನೇ ಒಂದು ಭಾಗ, ಅಲ್ಲಿ ಕುರುಡು ಊಹೆಯ ಫಲ ಸೊನ್ನೆಗೆ ಸೊನ್ನೆ. ಆದ್ದರಿಂದ ಪದದ ನಿಖರ ಅರ್ಥ ಬೇಕೇ ಬೇಕು ಎಂಬ ಹಟ ಬಿಡಿ. ಅದು ಏನಲ್ಲ ಎಂಬುದು ಗೊತ್ತಾದರೂ ಸಂಪಾದನೆಯೇ.

ದೋಷ ಮತ್ತು ಪರಿಹಾರ

ಪದದ ಅರ್ಥ ಸರಿಯಾಗಿ ಹೊಳೆಯಿತು, ಆದರೂ ಉತ್ತರ ತಪ್ಪಾಯಿತು: ಕೇಳಿದ್ದು ವಿರುದ್ಧಾರ್ಥಕ ಪದ. ಪ್ರಶ್ನೆಯ ಕೊನೆಯ ಸಾಲು ಇನ್ನೊಮ್ಮೆ ಓದಿ.

ನಾಲ್ಕೂ ಆಯ್ಕೆಗಳು ಮೂಲ ಪದಕ್ಕಿಂತ ಅಪರಿಚಿತ: ಪ್ರಶ್ನೆ ತೆಗೆದವರ ಮುಂದೆ ನಿಘಂಟು ಇತ್ತು, ನಿಮ್ಮ ಮುಂದೆ ಇಲ್ಲ. ಮುಂದಿನ ಪ್ರಶ್ನೆಗೆ ಹೋಗಿ.

ಗೊತ್ತಿರುವ ಪದವೇ ಅಪರಿಚಿತವಾಗಿ ಕಾಣುತ್ತಿದೆ: ಪಿ.ಜಿ.ಯ ರೂಮ್‌ಮೇಟ್ ರಾತ್ರಿ ಮೂರರವರೆಗೆ ಕರೆಂಟ್ ಅಫೇರ್ಸ್ ಗಟ್ಟಿಯಾಗಿ ಓದಿದ್ದರ ಪರಿಣಾಮ. ಇದಕ್ಕೆ ಕೈಪಿಡಿಯಲ್ಲಿ ಪರಿಹಾರ ಇಲ್ಲ, ಓನರ್ ಅಂಕಲ್ ಹತ್ತಿರ ಮಾತಾಡಿ.

ಮನೆಯಿಂದ ಫೋನ್ ಬಂದಾಗ ಪದಗಳೇ ಸಿಗುತ್ತಿಲ್ಲ: ಇದು ಸಾಮಾನ್ಯ. ಅಪ್ಪ "ಮತ್ತೇನ್ ಸುದ್ದಿ?" ಎಂದರೆ ಅದರ ಅರ್ಥ "ರಿಸಲ್ಟ್ ಯಾವಾಗ" ಎಂದು ಸಂದರ್ಭದಿಂದ ತಿಳಿಯುತ್ತದೆ.

ಆಕ್ಷೇಪಣೆ ಸಲ್ಲಿಸುವ ವಿಧಾನ

ಪರೀಕ್ಷೆಯಾದ ಕೆಲ ದಿನಕ್ಕೆ ಕೀ ಉತ್ತರ ಪ್ರಕಟವಾಗುತ್ತದೆ. ನೀವು ಊಹಿಸಿದ ಅರ್ಥ ನಿಮಗೆ ಸರಿ ಎನಿಸಿ, ಕೀ ಉತ್ತರ ಬೇರೆ ಹೇಳುತ್ತಿದ್ದರೆ, ಗಡುವಿನೊಳಗೆ ಆಧಾರ ಲಗತ್ತಿಸಿ ಆಕ್ಷೇಪಣೆ ಹಾಕಬಹುದು. "ನಮ್ಮ ಕಡೆ ಹಿಂಗ ಅಂತಾರ್ರೀ" ಎಂಬುದು ಆಧಾರವಾಗುವುದಿಲ್ಲ. ಅಚ್ಚಾದ ಪುಟ ಬೇಕು. ಗ್ರಂಥಾಲಯಕ್ಕೆ ಹೋಗಿ 1894ರ ಕಿಟೆಲ್ ನಿಘಂಟನ್ನೋ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೋ ಕೇಳಿ. ಒಂದು ಪದಕ್ಕೆ ಐದಾರು ಅರ್ಥ ಕೊಟ್ಟಿರುತ್ತಾರೆ. ನಿಮ್ಮದು ನಾಲ್ಕನೆಯದಾಗಿದ್ದರೆ ಅದರ ಕೆಳಗೆ ಮಾತ್ರ ಗೆರೆ ಎಳೆಯಿರಿ, ಪೆನ್ಸಿಲಿನಲ್ಲಿ ತೆಳುವಾಗಿ ಎಳೆದು ಆಮೇಲೆ ಅಳಿಸಿ, ಪುಸ್ತಕ ನಿಮ್ಮೊಬ್ಬರದಲ್ಲ. ಜೆರಾಕ್ಸ್ ಎರಡು ಪ್ರತಿ ತೆಗೆಸಿ. ಒಂದನ್ನು ಅರ್ಜಿಗೆ ಲಗತ್ತಿಸಿ, ಇನ್ನೊಂದನ್ನು ಫೈಲಿನಲ್ಲಿಡಿ; ಮರುಪರೀಕ್ಷೆ ಆದರೆ ಬೇಕಾಗಬಹುದು.